ಅರೆವಾಹಕ ಲೇಸರ್: ದ್ರವ ಸಾರಜನಕದಿಂದ ಸೊರಟೂರಿನ ಬಿಸಿಲಿಗೆ

ಅರೆವಾಹಕ ಲೇಸರ್ ಎಂದರೆ ವಿದ್ಯುತ್ತನ್ನು ನೇರವಾಗಿ ಲೇಸರ್ ಬೆಳಕಾಗಿಸುವ ಪುಟ್ಟ ಹರಳು. ಲೇಸರ್ ಡಯೋಡ್ ಎಂಬುದು ಅದರ ರೂಢಿಯ ಹೆಸರು. ಉದ್ದ ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಆಸುಪಾಸು. ಸಾಸಿವೆ ಕಾಳಿನ ಪಕ್ಕ ಇಟ್ಟರೆ ಕಾಳೇ ದೊಡ್ಡದು. ಗದಗ ಜಿಲ್ಲೆಯ ಸೊರಟೂರಿನಂಥ ಊರಿನಲ್ಲಿ ಪಹಣಿ ತೆಗೆಸುವ ರೈತನಿಗೆ ಈ ಹರಳು ಎರಡು ಸಲ ದುಡಿಯುತ್ತದೆ. ಹೊಲದ ದಾಖಲೆ ದೂರದ ಸರ್ವರಿನಿಂದ ಗಾಜಿನ ಎಳೆಯಲ್ಲಿ ಹರಿದು ಬರುವಾಗ ಒಮ್ಮೆ, ಲೇಸರ್ ಪ್ರಿಂಟರಿನಲ್ಲಿ ಕಾಗದಕ್ಕೆ ಇಳಿಯುವಾಗ ಇನ್ನೊಮ್ಮೆ. ಆದರೆ 1962ರಲ್ಲಿ ಹುಟ್ಟಿದಾಗ ಇದು ದ್ರವ ಸಾರಜನಕದ ಮೈನಸ್ 196 ಡಿಗ್ರಿ ಚಳಿಯಲ್ಲಿ, ಅದೂ ಬಿಟ್ಟುಬಿಟ್ಟು ಮಿಡಿಯುತ್ತ ಮಾತ್ರ ಬೆಳಗುತ್ತಿತ್ತು. ಆ ಚಳಿಯಿಂದ ಈ ಬಯಲುಸೀಮೆಯ ಬಿಸಿಲಿಗೆ ಬಂದದ್ದೇ ಇದರ ಇತಿಹಾಸದ ಮುಖ್ಯ ಭಾಗ.

ಲೇಸರಿನ ಮೂಲ ತತ್ತ್ವ ಐನ್‌ಸ್ಟೈನ್ 1917ರಲ್ಲಿ ವಿವರಿಸಿದ ಪ್ರಚೋದಿತ ಉತ್ಸರ್ಜನೆ. ಶಕ್ತಿ ತುಂಬಿಕೊಂಡ ಪರಮಾಣುವಿನ ಬಳಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣು ತನ್ನ ಶಕ್ತಿಯನ್ನು ಅದೇ ಬಣ್ಣದ, ಅದೇ ದಿಕ್ಕಿನ, ಅದೇ ಹೆಜ್ಜೆಯ ಇನ್ನೊಂದು ಕಣವಾಗಿ ಬಿಟ್ಟುಕೊಡುತ್ತದೆ. 1960ರಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. ಅರೆವಾಹಕದಲ್ಲಿ ಈ ಕೆಲಸ ನಡೆಯುವುದು ಎರಡು ಬಗೆಯ ಪದರಗಳು ಕೂಡುವ ಸಂಧಿಯಲ್ಲಿ. ಒಂದು ಕಡೆಯಿಂದ ಎಲೆಕ್ಟ್ರಾನು, ಇನ್ನೊಂದು ಕಡೆಯಿಂದ ಎಲೆಕ್ಟ್ರಾನು ತೆರವು ಮಾಡಿದ ರಂಧ್ರ ಬಂದು ಸಂಧಿಯಲ್ಲಿ ಕೂಡಿದಾಗ ಮಿಕ್ಕ ಶಕ್ತಿ ಬೆಳಕಾಗುತ್ತದೆ. ಆ ಶಕ್ತಿ ಎಷ್ಟು ಎಂಬುದು ಹರಳಿನ ಗುಣ, ಅದಕ್ಕೆ ಶಕ್ತಿ ಅಂತರ ಎಂದು ಹೆಸರು. ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ಸುಮಾರು 1.42 ಎಲೆಕ್ಟ್ರಾನ್ ವೋಲ್ಟ್. ಅದಕ್ಕೆ ತಕ್ಕ ಬೆಳಕು 870 ನ್ಯಾನೊಮೀಟರಿನ ಹತ್ತಿರದ, ಕಣ್ಣಿಗೆ ಕಾಣದ ಅವಕೆಂಪು. ಕಂಪ್ಯೂಟರ್ ಚಿಪ್ಪುಗಳಿಗೆಲ್ಲ ಆಧಾರವಾದ ಸಿಲಿಕಾನ್ ಇಲ್ಲಿ ಸೋಲುತ್ತದೆ: ಅದರಲ್ಲಿ ಈ ಶಕ್ತಿ ಬಹುಪಾಲು ಶಾಖವಾಗಿಯೇ ಹೋಗಿಬಿಡುತ್ತದೆ.

ಲೇಸರಿಗೆ ಎದುರುಬದುರು ಎರಡು ಕನ್ನಡಿ ಬೇಕು. ಅರೆವಾಹಕದಲ್ಲಿ ಅವನ್ನು ಹೊರಗಿನಿಂದ ತಂದು ಜೋಡಿಸಬೇಕಿಲ್ಲ. ಕಡಲೆ ಬೀಸಿದಾಗ ಕಾಳು ತನ್ನ ಸೀಳಿನಲ್ಲೇ ಎರಡು ಬೇಳೆಯಾಗುವಂತೆ ಹರಳು ತನ್ನ ಪರಮಾಣು ಸಾಲಿನ ಗುಂಟ ನುಣ್ಣಗೆ ಸೀಳುತ್ತದೆ. ಸೀಳಿದ ಮುಖ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 30ರಷ್ಟನ್ನು ಮರಳಿ ಒಳಕ್ಕೆ ಕಳಿಸುತ್ತದೆ, ಅಷ್ಟೇ ಸಾಕು.

1962ರ ಶರತ್ಕಾಲದಲ್ಲಿ ಅಮೆರಿಕದ ನಾಲ್ಕು ತಂಡಗಳು ಕೆಲವೇ ವಾರಗಳ ಅಂತರದಲ್ಲಿ ಗುರಿ ಮುಟ್ಟಿದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಕೆನೆಕ್ಟಡಿ ಪ್ರಯೋಗಾಲಯದ ರಾಬರ್ಟ್ ಹಾಲ್ ತಂಡ ಮೊದಲು, ಸೆಪ್ಟೆಂಬರ್ 16ರಂದು. ಬೆನ್ನಿಗೇ ಐಬಿಎಂ, ಎಂಐಟಿಯ ಲಿಂಕನ್ ಪ್ರಯೋಗಾಲಯ, ಜೊತೆಗೆ ಜನರಲ್ ಎಲೆಕ್ಟ್ರಿಕ್‌ನದೇ ಸಿರಾಕ್ಯೂಸ್ ಶಾಖೆಯ ನಿಕ್ ಹೊಲೊನ್ಯಾಕ್. ಹೊಲೊನ್ಯಾಕ್ ಗ್ಯಾಲಿಯಂ ಆರ್ಸೆನೈಡಿಗೆ ರಂಜಕ ಬೆರೆಸಿ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನೇ ಪಡೆದರು.

ಗೆದ್ದದ್ದೇನೋ ಹೌದು. ಆದರೆ ಸಾಮಾನ್ಯ ತಾಪದಲ್ಲಿ ಆ ಲೇಸರ್ ಬೆಳಗಬೇಕಾದರೆ ಚದರ ಸೆಂಟಿಮೀಟರಿಗೆ ಹತ್ತಾರು ಸಾವಿರ ಆಂಪಿಯರ್ ಹರಿಸಬೇಕಿತ್ತು. ಅಷ್ಟನ್ನು ಎಡೆಬಿಡದೆ ಹರಿಸಿದರೆ ಹರಳು ಸುಟ್ಟುಹೋಗುತ್ತಿತ್ತು. ತೊಂದರೆ ಇದ್ದದ್ದು ಸೋರಿಕೆಯಲ್ಲಿ. ಒಳಬಂದ ಎಲೆಕ್ಟ್ರಾನುಗಳು ಸಂಧಿಯಲ್ಲಿ ನಿಲ್ಲದೆ ಹರಡಿಹೋಗುತ್ತಿದ್ದವು, ಬೆಳಕೂ ಅಷ್ಟೇ. ಎರೆ ಹೊಲಕ್ಕೆ ಒಡ್ಡು ಹಾಕದಿದ್ದರೆ ಸುರಿದ ಮಳೆಯೆಲ್ಲ ಹಳ್ಳದ ಪಾಲು ಎಂಬುದನ್ನು ಗದಗ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅರೆವಾಹಕಕ್ಕೆ ಒಡ್ಡು ಕಟ್ಟುವ ಉಪಾಯವನ್ನು 1963ರಲ್ಲಿ ಹರ್ಬರ್ಟ್ ಕ್ರೋಮರ್ ಸೂಚಿಸಿದರು. ಅದೇ ವರ್ಷ ರಷ್ಯಾದಲ್ಲಿ ಝೋರೆಸ್ ಅಲ್ಫೆರೊವ್ ಮತ್ತು ಕಝಾರಿನೊವ್ ಬೇರೆಯಾಗಿಯೇ ಅದನ್ನು ಕಂಡುಕೊಂಡರು. ನಡುವಿನ ತೆಳು ಪದರ ಒಂದು ವಸ್ತುವಿನದು, ಅದರ ಮೇಲೆ ಕೆಳಗೆ ಹೆಚ್ಚಿನ ಶಕ್ತಿ ಅಂತರದ ಬೇರೆ ವಸ್ತು. ಎಲೆಕ್ಟ್ರಾನು, ರಂಧ್ರ ಎರಡೂ ನಡುವೆ ಸಿಕ್ಕಿಬೀಳುತ್ತವೆ. ನಡುವಿನ ಪದರದ ವಕ್ರೀಭವನಾಂಕ ಹೆಚ್ಚಾದ್ದರಿಂದ ಬೆಳಕೂ ಅಲ್ಲೇ ಉಳಿಯುತ್ತದೆ. ಕ್ರೋಮರ್ ಬರೆದ ಪ್ರಬಂಧವನ್ನು ಮೊದಲ ಪತ್ರಿಕೆ ಮರಳಿಸಿತು. ಈ ಉಪಾಯದಿಂದ ಪ್ರಾಯೋಗಿಕ ಉಪಯೋಗವಿಲ್ಲವೆಂದು ಅವರಿಗೆ ಮುಂದಿನ ಕೆಲಸಕ್ಕೆ ಸೌಕರ್ಯವೂ ಸಿಗಲಿಲ್ಲ. ಈ ಸಾಧನದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಪ್ರಸಂಗ ಇನ್ನೊಂದಿಲ್ಲ. 2000ದಲ್ಲಿ ಕ್ರೋಮರ್ ಮತ್ತು ಅಲ್ಫೆರೊವ್ ಇಬ್ಬರಿಗೂ ನೊಬೆಲ್ ಬಂತು.

ಒಡ್ಡು ಸೋರದಿರಬೇಕಾದರೆ ಎರಡು ಹರಳುಗಳ ಪರಮಾಣು ಸಾಲುಗಳು ಒಂದಕ್ಕೊಂದು ಹೊಂದಬೇಕು. ಗ್ಯಾಲಿಯಂ ಆರ್ಸೆನೈಡಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದಾಗ ಈ ಹೊಂದಿಕೆ ಸಿಕ್ಕಿತು. 1970ರಲ್ಲಿ ಲೆನಿನ್‌ಗ್ರಾಡಿನಲ್ಲಿ ಅಲ್ಫೆರೊವ್ ತಂಡ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಝುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್, ಕೋಣೆಯ ತಾಪದಲ್ಲಿ ಎಡೆಬಿಡದೆ ಉರಿಯುವ ಡಯೋಡನ್ನು ತೋರಿಸಿದರು. ಅದೇ ವರ್ಷ ಕಾರ್ನಿಂಗ್ ಕಂಪನಿ ಕಿಲೋಮೀಟರಿಗೆ 20 ಡೆಸಿಬೆಲ್‌ಗೂ ಕಡಿಮೆ ನಷ್ಟದ ಗಾಜಿನ ಎಳೆ ತೆಗೆಯಿತು. 20 ಡೆಸಿಬೆಲ್ ಎಂದರೆ ಒಂದು ಕಿ.ಮೀ. ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದೀತು. ಇಂದಿನ ಎಳೆಯಲ್ಲಿ 1550 ನ್ಯಾನೊಮೀಟರ್ ಬೆಳಕಿಗೆ ನಷ್ಟ ಕಿ.ಮೀ.ಗೆ 0.2 ಡೆಸಿಬೆಲ್ ಮಾತ್ರ, 20 ಕಿ.ಮೀ. ಸಾಗಿದ ಮೇಲೂ ನೂರರಲ್ಲಿ ನಲವತ್ತು ಪಾಲು ಉಳಿಯುತ್ತದೆ. ಬೆಳಕು ಮತ್ತು ಎಳೆ ಹೀಗೆ ಒಂದೇ ವರ್ಷದಲ್ಲಿ ಕೈಗೆ ಬಂದವು. ಭಾರತದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ಮೊದಲ ಗಾಜಿನ ಎಳೆ ಕೆಲಸಕ್ಕೆ ಬಂದದ್ದು 1979ರಲ್ಲಿ, ಪುಣೆಯಲ್ಲಿ.

ಶಾಖದ ಕಾಟ ತಗ್ಗಿತೇ ಹೊರತು ಮುಗಿಯಲಿಲ್ಲ. ಲೇಸರ್ ಡಯೋಡಿಗೆ ಒಂದು ಹೊಸ್ತಿಲು ಪ್ರವಾಹವಿದೆ. ಅದಕ್ಕಿಂತ ಕಡಿಮೆ ಹರಿಸಿದರೆ ಮಂಕು ಎಲ್‌ಇಡಿಯಂತೆ ಇರುತ್ತದೆ. ದಾಟಿದೊಡನೆ ಬೆಳಕು ಸರ್ರನೆ ಏರುತ್ತದೆ. ತಾಪ ಹೆಚ್ಚಿದಂತೆ ಈ ಹೊಸ್ತಿಲೂ ಎತ್ತರವಾಗುತ್ತದೆ. ಗ್ಯಾಲಿಯಂ ಆರ್ಸೆನೈಡ್ ಡಯೋಡು 25 ಡಿಗ್ರಿಯಿಂದ 45ಕ್ಕೆ ಹೋದರೆ ಹೊಸ್ತಿಲು ಶೇ. 15ರ ಹತ್ತಿರ ಏರೀತು. ದೂರಸಂಪರ್ಕಕ್ಕೆ ಬೇಕಾದ 1310, 1550 ನ್ಯಾನೊಮೀಟರಿನ ಇಂಡಿಯಂ ಬೆರೆತ ಹರಳುಗಳು ಇನ್ನೂ ನಾಜೂಕು. ಹಳೆಯ ಬಗೆಯವುಗಳಲ್ಲಿ ಅದೇ ಏರಿಕೆ ಶೇ. 40ರ ಆಸುಪಾಸು. ಮುಂಡರಗಿ, ಶಿರಹಟ್ಟಿ ಕಡೆಯ ಏಪ್ರಿಲ್ ಬಿಸಿಲಿಗೆ ಸಿಕ್ಕ ತಗಡಿನ ಪೆಟ್ಟಿಗೆಯೊಳಗೆ ಇದು ಪುಸ್ತಕದ ಲೆಕ್ಕವಲ್ಲ. ಅದಕ್ಕೇ ಡಯೋಡಿನ ಹಿಂಬದಿಯಲ್ಲಿ ಬೆಳಕು ಅಳೆಯುವ ಇನ್ನೊಂದು ಪುಟ್ಟ ಡಯೋಡು ಕಾವಲಿರುತ್ತದೆ. ಬೆಳಕು ಕುಂದಿದರೆ ಅದರ ಸೂಚನೆಯಂತೆ ಪ್ರವಾಹವನ್ನು ಹೆಚ್ಚಿಸಲಾಗುತ್ತದೆ. ಅಲ್ಯೂಮಿನಿಯಂ ಸೇರಿಸಿ ಹೆಣೆದ ಹೊಸ ಹರಳುಗಳು, ಕ್ವಾಂಟಂ ಬಾವಿ ಎಂಬ, ಕೆಲವೇ ನ್ಯಾನೊಮೀಟರ್ ದಪ್ಪದ ನಡುಪದರಗಳು ಬಂದ ಮೇಲೆ ತಂಪುಕಾರಿ ಇಲ್ಲದೆಯೇ ಮೈನಸ್ 40ರಿಂದ 85 ಡಿಗ್ರಿವರೆಗೆ ದುಡಿಯುವ ಲೇಸರುಗಳು ಅಂಗಡಿಯಲ್ಲಿ ಸಿಗುವಂತಾದವು.

ತಾಪಕ್ಕೆ ಬಣ್ಣವೂ ಜಾರುತ್ತದೆ. ಸರಳ ರಚನೆಯ ಡಯೋಡಿನಲ್ಲಿ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್, ಒಳಗೆ ಸೂಕ್ಷ್ಮ ಗೀರುಸಾಲು ಕೆತ್ತಿದ ಡಿಎಫ್‌ಬಿ ಲೇಸರಿನಲ್ಲಿ 0.1. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಮುಟ್ಟಿಸಲು ಕೇಂದ್ರ ಸರ್ಕಾರ ಅಕ್ಟೋಬರ್ 2011ರಲ್ಲಿ ಒಪ್ಪಿದ, ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯಲ್ಲಿ ಒಂದೇ ಎಳೆಯನ್ನು ಹಲವೆಡೆಗೆ ಹಂಚುವ ಜಿಪಾನ್ ತಂತ್ರ ಈ ಜಾರುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ರೂಪುಗೊಂಡದ್ದು. ದೆಹಲಿ, ಬೆಂಗಳೂರುಗಳಲ್ಲಿ ನೆಲೆಯುಳ್ಳ ಸಿ-ಡಾಟ್ ಸಂಸ್ಥೆ ಇದರ ಉಪಕರಣಗಳನ್ನು ನಮ್ಮಲ್ಲೇ ಬೆಳೆಸಿತು. ಎಕ್ಸ್‌ಚೇಂಜಿನಿಂದ ಊರಿಗೆ ಬರುವ ಬೆಳಕು 1490 ನ್ಯಾನೊಮೀಟರಿನದು, ಅದಕ್ಕೆ 20 ನ್ಯಾನೊಮೀಟರ್ ಅಗಲದ ಓಣಿ; ನಲವತ್ತು ಡಿಗ್ರಿ ಏರಿಳಿದರೂ ಡಿಎಫ್‌ಬಿ ಜಾರುವುದು ನಾಲ್ಕೇ. ಊರಿನಿಂದ ಹೊರಡುವ 1310ರ ಬೆಳಕಿಗೆ 100 ನ್ಯಾನೊಮೀಟರ್ ಅಗಲ ಬಿಟ್ಟಿದ್ದಾರೆ, ಪಂಚಾಯಿತಿಯ ಪೆಟ್ಟಿಗೆಯೊಳಗೆ ಅಗ್ಗದ ಲೇಸರ್ ಇದ್ದರೂ ನಡೆಯಲಿ ಎಂದು. ಎರಡೂ ಬೆಳಕು ಒಂದೇ ಎಳೆಯಲ್ಲಿ ಎದುರುಬದುರು ಓಡಾಡುತ್ತವೆ. ಕೆಳಮುಖವಾಗಿ ಸೆಕೆಂಡಿಗೆ 248 ಕೋಟಿಗೂ ಮಿಕ್ಕಿ ಬಿಟ್ ಹೊತ್ತು ತರುವ ಲೇಸರಿನ ಶಕ್ತಿ ಕೆಲವೇ ಮಿಲಿವ್ಯಾಟ್. ಒಂದೇ ಎಳೆ ಕವಲೊಡೆದು ಹಲವೆಡೆ ಹೋಗುವುದರಿಂದ ಪ್ರತಿ ಕವಲಿನ ತುದಿಯ ಲೇಸರ್ ತನ್ನ ಸರದಿ ಬಂದಾಗ ಮಾತ್ರ ಬೆಳಗಿ, ಮುಗಿದೊಡನೆ ಆರಬೇಕು. ಸುದ್ದಿಯ ವೇಗ ಎಷ್ಟು ಬದಲಾಯಿತು ಎಂಬುದಕ್ಕೆ ಸೊರಟೂರೇ ಸಾಕ್ಷಿ. ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಇಲ್ಲೇ. ಆ ಗೆಲುವಿನ ಸುದ್ದಿ ಹೊಯ್ಸಳರ ರಾಜಧಾನಿ ದೋರಸಮುದ್ರ ಮುಟ್ಟಲು ಕುದುರೆಯ ಕಾಲೇ ಗತಿಯಾಗಿತ್ತು. ಇಂದು ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ.

ಗದಗ-ಬೆಟಗೇರಿಗೆ ಈ ಹರಳು ಕಾಲಿಟ್ಟ ಇನ್ನೊಂದು ಬಾಗಿಲು ಮುದ್ರಣ. ಬೆಟಗೇರಿ ನೇಕಾರಿಕೆಗೆ, ಗದಗ ಅಚ್ಚಿನ ಕೆಲಸಕ್ಕೆ ಹೆಸರಾದ ಊರು. ಸೀಸದ ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಖಾನೆಯ ಕೇಸು ಬೇಕಿತ್ತು. ಮೊದಲ ಲೇಸರ್ ಪ್ರಿಂಟರುಗಳಲ್ಲಿ ಇದ್ದದ್ದು ದೊಡ್ಡ ಅನಿಲ ಲೇಸರ್. 1979ರಲ್ಲಿ ಕ್ಯಾನನ್ ಕಂಪನಿ ಎಲ್‌ಬಿಪಿ-10 ಯಂತ್ರದಲ್ಲಿ ಡಯೋಡ್ ಬಳಸಿದ ಮೇಲೆ ಪ್ರಿಂಟರ್ ಮೇಜಿಗೆ ಬಂತು. 1984ರ ಎಚ್‌ಪಿ ಲೇಸರ್‌ಜೆಟ್ ಅದನ್ನು ಎಲ್ಲೆಡೆ ಹರಡಿತು. ತಿರುಗುವ ಬಹುಮುಖ ಕನ್ನಡಿ ಡಯೋಡಿನ ಬೆಳಕನ್ನು ಸಾಲುಸಾಲಾಗಿ ಉರುಳೆಯ ಮೇಲೆ ಗುಡಿಸುತ್ತದೆ. ಬೆಳಕು ಬಿದ್ದಲ್ಲಿ ಉರುಳೆಯ ವಿದ್ಯುದಂಶ ಬದಲಾಗಿ, ಆ ಗುರುತಿನಂತೆ ಶಾಯಿಪುಡಿ ಹತ್ತುತ್ತದೆ. ಆ ಲೇಸರ್‌ಜೆಟ್‌ನಲ್ಲಿ ಅಂಗುಲಕ್ಕೆ 300 ಚುಕ್ಕೆ. ಚುಕ್ಕೆಗೆ ರೋಮನ್ ಅಕ್ಷರವೂ ಒಂದೇ, ಕ್ಷ, ಜ್ಞ, ಸ್ತ್ರೀಗಳೂ ಒಂದೇ. ಮೊಳೆಯ ಎಣಿಕೆಯಿಂದ ಕನ್ನಡ ಬಿಡುಗಡೆಯಾದದ್ದು ಇಲ್ಲಿ. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಫಾಂಟುಗಳು, ಲೇಸರ್ ಪ್ರಿಂಟರ್ ಸೇರಿದಾಗ ಡಿಟಿಪಿ ಅಂಗಡಿ ತಾಲೂಕು ಊರುಗಳಿಗೂ ಬಂತು. ಈಗ ಆಫ್‌ಸೆಟ್ ಪ್ಲೇಟಿನ ಮೇಲೇ ನೇರವಾಗಿ ಅಕ್ಷರ ಮೂಡಿಸುವ ಸಿಟಿಪಿ ಯಂತ್ರಗಳಲ್ಲೂ 830 ಅಥವಾ 405 ನ್ಯಾನೊಮೀಟರಿನ ಡಯೋಡುಗಳೇ ಇವೆ.

ಡಯೋಡಿನ ಬೆಳಕೇ ಓದುವ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂತು. ಗದಗ ಸೀಮೆಯ ಗಾಯಕ ಭೀಮಸೇನ ಜೋಶಿಯವರ ಕಂಠವೂ ಅದರ ಗುಂಡಿಸಾಲುಗಳಲ್ಲಿ ಕೂತು 780 ನ್ಯಾನೊಮೀಟರಿನ ಬೆಳಕಿಗೆ ಓದಲು ಸಿಕ್ಕಿತು. ಡಿವಿಡಿಗೆ 650, ಬ್ಲೂ-ರೇಗೆ 405: ಅಲೆ ಗಿಡ್ಡವಾದಷ್ಟೂ ಗುಂಡಿ ಚಿಕ್ಕದು. ಈ ಕೊನೆಯ ಮೆಟ್ಟಿಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಲೇಸರನ್ನು ಜಪಾನಿನ ಶುಜಿ ನಕಾಮುರ 1990ರ ದಶಕದ ನಡುವಿನಲ್ಲಿ ಸಾಧಿಸಿದರು.

ಡಯೋಡು ಇನ್ನೊಂದು ಲೇಸರಿಗೆ ಉಣಿಸುವ ಕೆಲಸವನ್ನೂ ಮಾಡುತ್ತದೆ. ಬೆಂಗಳೂರಿನಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯ ಚಂದ್ರಯಾನ-1ಕ್ಕೆ ಕಟ್ಟಿದ ಲೇಸರ್ ದೂರಮಾಪಕದಲ್ಲಿ ಡಯೋಡುಗಳ ಬೆಳಕು ಹರಳೊಂದಕ್ಕೆ ಶಕ್ತಿ ತುಂಬುತ್ತಿತ್ತು. ಆ ಹರಳು ಸೆಕೆಂಡಿಗೆ 10 ಸಲ 1064 ನ್ಯಾನೊಮೀಟರಿನ ಮಿಡಿತವನ್ನು ಚಂದ್ರನತ್ತ ಬಿಡುತ್ತಿತ್ತು. 100 ಕಿ.ಮೀ. ಎತ್ತರದಿಂದ ಹೋಗಿಬರಲು ಬೆಳಕಿಗೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಸಾಕು. ಆ ಹೊತ್ತನ್ನು ಅಳೆದು ಚಂದ್ರನ ಗುಡ್ಡ-ತಗ್ಗುಗಳ ಎತ್ತರ ಪಡೆದರು. 1928ರಲ್ಲಿ ಪಾದರಸ ದೀಪದಿಂದ ಕಂಡ ರಾಮನ್ ಪರಿಣಾಮವನ್ನೂ ಇಂದು ಹಲವು ಉಪಕರಣಗಳಲ್ಲಿ 785 ನ್ಯಾನೊಮೀಟರಿನ ಡಯೋಡಿನಿಂದಲೇ ನೋಡುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ ಮಟ್ಟ ಮಾಡುವ ಲೇಸರ್ ಲೆವೆಲರ್, ಭೂಮಾಪಕರ ಟೋಟಲ್ ಸ್ಟೇಷನ್, ಅಂಗಡಿಯ ಬಾರ್‌ಕೋಡ್ ಓದುಕ, ಎಲ್ಲದರೊಳಗೂ ಇದೇ ಕುಟುಂಬದ ಹರಳು.

ಡಯೋಡಿನ ಬೆಳಕು ಹೊರಬರುವ ಕಿಂಡಿ ಮೈಕ್ರೊಮೀಟರಿನಷ್ಟು ಸಣ್ಣದಾದ್ದರಿಂದ ಕಿರಣ ತಾನಾಗಿ ನೇರ ಹೋಗದೆ ಬೀಸಣಿಗೆಯಂತೆ ಹರಡುತ್ತದೆ; ಮಸೂರವೊಂದು ಅದನ್ನು ಕೂಡಿಸಬೇಕು. ಬೆರಳಿನ ಸ್ಥಿರವಿದ್ಯುತ್ತಿನ ಒಂದು ಕಿಡಿಗೆ ಹರಳಿನ ಮುಖ ಸುಟ್ಟುಹೋಗಬಹುದು. ಎಳೆಯೊಳಗಿನ ಅವಕೆಂಪು ಕಣ್ಣಿಗೆ ಕಾಣದು, ಆದ್ದರಿಂದ ಕತ್ತರಿಸಿದ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದು ಅಪಾಯ. ನೀರಿನ ಪೈಪಿಗೆಂದು ಜೆಸಿಬಿ ರಸ್ತೆ ಅಗೆದು ಕೇಬಲ್ ತುಂಡಾದಾಗ ಕೆಲಸಗಾರರು ಓಟಿಡಿಆರ್ ತರುತ್ತಾರೆ. ಅದರೊಳಗಿನ ಡಯೋಡು ಎಳೆಗೆ ಮಿಡಿತವೊಂದನ್ನು ಬಿಟ್ಟು, ಮರಳಿ ಬರುವ ಮಂದ ಬೆಳಕಿನ ಹೊತ್ತು ಅಳೆದು ತುಂಡಾದ ಜಾಗ ಎಷ್ಟು ದೂರವೆಂದು ತೋರಿಸುತ್ತದೆ. ಹತ್ತಿರದ ಬಿರುಕಿಗೆ 650 ನ್ಯಾನೊಮೀಟರಿನ ಕೆಂಪು ಪೆನ್ನು ಸಾಕು: ಎಳೆ ಒಡೆದ ಕಡೆ ಹೊದಿಕೆಯ ಹೊರಗೂ ಕೆಂಪು ಬೆಳಕು ಹೊಳೆಯುತ್ತದೆ.