ಕೇಳದ ಮನಸ್ಸು, ಕೇಳಿಸಿದ ಶಾಪ

ಹೊಸಕೋಟೆ ದಾಟಿದರೆ ಮಾಲೂರು ಸೀಮೆ. ಅದು ಮಾಸ್ತಿಯವರ ನೆಲ. ಅವರ ‘ರಂಗನ ಮದುವೆ’ (1910) ಕಥೆಯಲ್ಲಿ ಊರಿನ ಹಿತೈಷಿಯೊಬ್ಬ ನಗುನಗುತ್ತಾ ನಮ್ಮೊಡನೆ ಹರಟುತ್ತಾನೆ. ಜೋಯಿಸರೊಡನೆ ಸೇರಿ ಅವನು ಹೂಡಿದ ಉಪಾಯದಿಂದ ಮದುವೆ ಕೂಡಿಬರುತ್ತದೆ. ಎಲ್ಲರೂ ರಂಗನ ಮನಸ್ಸನ್ನೇ ಅಳೆಯುತ್ತಾರೆ, ಹುಡುಗಿ ರತ್ನಳದನ್ನಲ್ಲ.

ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಣ್ಣು ತಾನೇ ನ್ಯಾಯ ಕೇಳುತ್ತಾ ಮಸೀದಿಯ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ಮಗು ಸತ್ತ ಮೇಲೆ ಓಣಿಯ ಹೆಂಗಸರ ಶಾಪವೇ ತೀರ್ಪಾಗುತ್ತದೆ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರು ಇದನ್ನು ‘ಹಸೀನಾ’ ಚಿತ್ರವಾಗಿಸಿದರು.

ಎರಡು ಕಥೆಗಳಲ್ಲೂ ಹಿರಿಯರ ಮಾತಿನ ಮೇಲೆ ಹೆಣ್ಣಿನ ಬದುಕು ನಿಂತಿದೆ. ಮಾಸ್ತಿ ಅದರಲ್ಲಿ ವಿನೋದ ಕಂಡರು. ಬಾನು ಸಂಕಟದ ಲೆಕ್ಕ ಕೇಳಿದರು. ಈ ಲೆಕ್ಕ ಒಂದೇ ಸಮುದಾಯದ್ದಲ್ಲ. ಮದುವೆ ನಿಶ್ಚಯಿಸುವಾಗ ಹುಡುಗಿಯ ಮನಸ್ಸನ್ನು ನಾವು ಇಂದಾದರೂ ಕೇಳುತ್ತಿದ್ದೇವೆಯೇ?