ಹುಲ್ಲುಹಾಸೂ ಕಸಬರಿಗೆಯೂ

ನಮ್ಮ ಮನೆಯ ಮುಂದೆ ಅಂಗೈಯಗಲದ ಒಂದು ಹುಲ್ಲುಹಾಸಿದೆ. ಅಂಗೈಯಗಲ ಎಂದದ್ದು ವಿನಯಕ್ಕಲ್ಲ. 20 ಅಡಿ ಉದ್ದ, 12 ಅಡಿ ಅಗಲ, ಅಷ್ಟೇ. ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಕೈಯಿಂದ ತಳ್ಳುವ ಹಳೆಯ ಯಂತ್ರವೊಂದನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸುವುದು ನನ್ನ ಪದ್ಧತಿ. ಒಂದು ಭಾನುವಾರ ನೆರೆಮನೆಯ ಹಿರಿಯರು ಗೇಟಿನ ಬಳಿ ನಿಂತು, “ಮೇಷ್ಟ್ರೇ, ಅಂಗಳ ಎಂದರೆ ಹೀಗಿರಬೇಕು ನೋಡಿ. ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ!” ಎಂದರು. ನಾನು ಸಂಕೋಚದಿಂದ ನಕ್ಕೆ. ನಾನು ಕತ್ತರಿಸಿ ಚೆಲ್ಲಿದ ಹುಲ್ಲನ್ನು ನನ್ನ ಹೆಂಡತಿ ಹಿಂದೆ ನಿಂತು ಗುಡಿಸುತ್ತಿದ್ದಳು. ಆಕೆಯೂ ನಕ್ಕಳು. ಆ ಎರಡು ನಗೆಗಳು ಒಂದೇ ಬಗೆಯವಲ್ಲವೆಂದು ನನಗೆ ತಿಳಿದದ್ದು ಹಿರಿಯರು ಹೊರಟುಹೋದ ಮೇಲೆ.

“ಅಲ್ಲಾ ರೀ, ಅವರು ಹೇಳಿದ್ದು ಯಾರಿಗೆ?” ಎಂದು ಆಕೆ ಕೇಳಿದಳು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಮೊದಲು ವ್ಯಾಕರಣದ ಪ್ರಶ್ನೆಯಾಗಿ ಕಂಡಿತು. ‘ಇಟ್ಟಿದ್ದೀರಿ’ ಎಂಬುದು ಒಬ್ಬನಿಗೆ ಗೌರವದಿಂದ ಆಡಿದ ಬಹುವಚನವೋ, ಇಬ್ಬರಿಗೂ ಸಲ್ಲುವ ನಿಜವಾದ ಬಹುವಚನವೋ? ಕೇಶಿರಾಜನನ್ನು ಕೇಳಿದರೂ ಉತ್ತರ ಸಿಗುವ ಹಾಗಿರಲಿಲ್ಲ. ಉತ್ತರವಿದ್ದದ್ದು ಶಬ್ದದಲ್ಲಲ್ಲ, ಹಿರಿಯರ ಕಣ್ಣು ಯಾರ ಮೇಲಿತ್ತು ಎಂಬುದರಲ್ಲಿ. ಅದು ನನ್ನ ಮೇಲೆಯೇ ಇತ್ತು. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಹುಲ್ಲು ಕೊಯ್ಯುವುದು ಗಂಡಸಿನ ಕೆಲಸವೆಂದು ಯಾರು ಗೊತ್ತುಮಾಡಿದರು, ಯಾವಾಗ ಗೊತ್ತುಮಾಡಿದರು ಎಂಬ ಕುತೂಹಲದಿಂದ ಕೆಲವು ಸಂಜೆಗಳನ್ನು ಪುಸ್ತಕಗಳ ನಡುವೆ ಕಳೆದೆ. ಅಲ್ಲಿ ಕಂಡದ್ದನ್ನು ಓದುಗರ ಮುಂದಿಡುತ್ತೇನೆ.

ಹುಲ್ಲುಹಾಸು ಇಂಗ್ಲೆಂಡಿನ ಕೂಸು. ಅಲ್ಲಿಯ ತೇವದ ಹವೆಯಲ್ಲಿ ಹುಲ್ಲು ತಾನಾಗಿ ಬೆಳೆಯುತ್ತದೆ. ಅದನ್ನು ಮೋಟಾಗಿ ನಿಲ್ಲಿಸುವುದೇ ಕಷ್ಟ. 18ನೆಯ ಶತಮಾನದಲ್ಲಿ ದೊಡ್ಡ ಜಮೀನುದಾರರು ತಮ್ಮ ಮಹಲುಗಳ ಹೊಸ್ತಿಲವರೆಗೂ ಹಸುರು ಹಾಸಿಸಿಕೊಂಡರು. ದೂರದ ಹುಲ್ಲನ್ನು ಕುರಿಗಳು ಮೇಯುತ್ತಿದ್ದುವು. ಹತ್ತಿರದ್ದನ್ನು ಉದ್ದ ಹಿಡಿಯ ಕುಡುಗೋಲಿನಿಂದ ಆಳುಗಳು ಸವರಬೇಕಾಗಿತ್ತು. ಒಣಗಿದ ಹುಲ್ಲು ಅಲಗಿಗೆ ಬಾಗುತ್ತದೆ, ಒದ್ದೆಯ ಹುಲ್ಲು ಕತ್ತರಿಸುತ್ತದೆ. ಆದ್ದರಿಂದ ಇಬ್ಬನಿ ಆರುವ ಮುನ್ನವೇ ಕೆಲಸ ಮುಗಿಯಬೇಕು. ಇದು ಗಂಡಸರ ಕಸುಬು. ತೋಳಿನ ಬಲ ಬೇಕು, ಕೈ ಪಳಗಿರಬೇಕು ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ.

ಹಾಗಾದರೆ ಆ ತೋಟಗಳಲ್ಲಿ ಹೆಂಗಸರೇ ಇರಲಿಲ್ಲವೆ? ಇದ್ದರು. 16ನೆಯ ಶತಮಾನದಲ್ಲಿ, ಎಂಟನೆಯ ಹೆನ್ರಿಯ ಕಾಲದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಲೆಕ್ಕದ ಪುಸ್ತಕಗಳಲ್ಲಿ ಕಳೆ ಕೀಳುವ ಹೆಂಗಸರಿಗೆ ಕೊಟ್ಟ ದಿನಗೂಲಿ ದಾಖಲಾಗಿದೆ. ಮಂಡಿಯೂರಿ ಕುಳಿತು, ದಿನವೆಲ್ಲ ಬಗ್ಗಿ, ಬೆರಳುಗಳಿಂದ ಕಳೆ ಕೀಳುವವರು ಇವರು. ಕೂಲಿ ಗಂಡಾಳಿಗಿಂತ ಕಡಿಮೆ. ನಿಂತು ಮಾಡುವ ಕೆಲಸ ಗಂಡಿನದು, ಕುಳಿತು ಮಾಡುವುದು ಹೆಣ್ಣಿನದು ಎಂಬ ಈ ಹಂಚಿಕೆ ದೂರದ ಮಾತೇನಲ್ಲ. ನಮ್ಮ ಬೆಂಗಳೂರಿನ ಉದ್ಯಾನಗಳಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಸಾಲಾಗಿ ಕುಳಿತು ಕಳೆ ಕೀಳುವುದನ್ನೂ, ಯಂತ್ರ ಹಿಡಿದ ಗಂಡಸು ಅವರ ಪಕ್ಕದಲ್ಲೇ ಸದ್ದುಮಾಡುತ್ತ ಸಾಗುವುದನ್ನೂ ನಾನು ಎಷ್ಟೋ ಸಲ ಕಂಡಿದ್ದೇನೆ.

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಸ್ಟ್ರೌಡ್ ಎಂಬ ಊರಿದೆ. ಅದರ ಸುತ್ತಮುತ್ತ ಉಣ್ಣೆಬಟ್ಟೆಯ ಗಿರಣಿಗಳು. ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಸವರುವುದು ಒಂದು ಕಾಲಕ್ಕೆ ದೊಡ್ಡ ಕತ್ತರಿ ಹಿಡಿದ ನುರಿತ ಗಂಡಸರ ಕೆಲಸವಾಗಿತ್ತು. ಸುರುಳಿಯಲಗಿನ ಉರುಳೆಯೊಂದು ಬಂದು ಅವರ ಅನ್ನ ಕಸಿದುಕೊಂಡಿತು. ಆ ಉರುಳೆಯನ್ನು ನೋಡಿದ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿಗೆ, ಬಟ್ಟೆಯ ಜುಂಗನ್ನು ಸವರುವ ಅಲಗು ನೆಲದ ಜುಂಗನ್ನೇಕೆ ಸವರಬಾರದು ಎನ್ನಿಸಿತು. ಜಾನ್ ಫೆರಾಬಿ ಎಂಬ ಪಾಲುದಾರನೊಡನೆ ಸೇರಿ, 1830ರ ಆಗಸ್ಟ್ 31ರಂದು ಅವನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಕಬ್ಬಿಣದ ಭಾರವಾದ ಯಂತ್ರ. ಕತ್ತರಿಸುವ ಅಗಲ 19 ಅಂಗುಲ. ನೆರೆಯವರು ಹುಚ್ಚನೆಂದಾರೆಂದು ಅವನು ರಾತ್ರಿಯ ಹೊತ್ತು ಅದನ್ನು ಪರೀಕ್ಷಿಸುತ್ತಿದ್ದನೆಂದು ಒಂದು ಕಥೆಯಿದೆ. 1832ರಲ್ಲಿ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪೆನಿಯೂ ಅದನ್ನು ತಯಾರಿಸಲು ಅಪ್ಪಣೆ ಪಡೆಯಿತು.

ಹಕ್ಕುಪತ್ರದಲ್ಲಿ ಬಡ್ಡಿಂಗ್ ಒಂದು ಸ್ವಾರಸ್ಯದ ಮಾತನ್ನು ಸೇರಿಸಿದ್ದಾನೆ. ಹಳ್ಳಿಯ ಮಹನೀಯರು ಈ ಯಂತ್ರವನ್ನು ತಾವೇ ನಡೆಸಿದರೆ ಅದು ಅವರಿಗೆ ವಿನೋದವೂ ಉಪಯುಕ್ತವೂ ಆರೋಗ್ಯಕರವೂ ಆದ ವ್ಯಾಯಾಮವಾದೀತು ಎಂಬುದು ಅದರ ತಾತ್ಪರ್ಯ. ನಿನ್ನೆಯವರೆಗೆ ಕೂಲಿಯಾಳಿನ ಬೆವರಾಗಿದ್ದುದು ಇಂದು ಯಜಮಾನನ ವ್ಯಾಯಾಮವಾಯಿತು. ಕೆಲಸ ಅದೇ; ಮಾಡುವವನು ಬದಲಾದ ಕೂಡಲೇ ಅದರ ಹೆಸರೂ ಬದಲಾಯಿತು. ನನ್ನ ಭಾನುವಾರದ ಹೆಮ್ಮೆಯ ಮೂಲಪುರುಷ ಇವನೇ ಎಂದು ನನಗೆ ಅಂದು ತಿಳಿಯಿತು.

ಅದೇ 1830ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಒಂದು ಮದುವೆ ನಡೆಯಿತು. ವರ ಜಾನ್ ಕ್ಲಾಡಿಯಸ್ ಲೌಡನ್, ಅಂದಿನ ಇಂಗ್ಲೆಂಡಿನಲ್ಲಿ ತೋಟಗಾರಿಕೆಯ ಬರೆಹಕ್ಕೆ ದೊಡ್ಡ ಹೆಸರು. ವಧು ಜೇನ್ ವೆಬ್. ಆಕೆ 1827ರಲ್ಲಿ ಹೆಸರು ಹಾಕದೆ ‘ದಿ ಮಮ್ಮಿ!’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದಳು. ಮುಂದಿನ ಶತಮಾನಗಳನ್ನು ಕಲ್ಪಿಸಿದ ಆ ಕಥೆಯಲ್ಲಿ ಉಗಿಯಿಂದ ನಡೆಯುವ ನೇಗಿಲೊಂದು ಬರುತ್ತದೆ. ಲೌಡನ್ನನಿಗೆ ಅದು ಹಿಡಿಸಿತು; ಬರೆದವನನ್ನು ಕಾಣಬೇಕೆಂದು ಬಯಸಿದ. ನೇಗಿಲಿನ ವಿಷಯ ಬರೆದವನು ಗಂಡಸಲ್ಲದೆ ಇನ್ನಾರಾದಾರು? ಎದುರಿಗೆ ಬಂದು ನಿಂತದ್ದು ಇಪ್ಪತ್ತೆರಡರ ಯುವತಿ. ಕೆಲವು ತಿಂಗಳಲ್ಲಿ ಮದುವೆಯಾಯಿತು.

ಮದುವೆಯಾದಾಗ ಜೇನಳಿಗೆ ತೋಟದ ಗಂಧವೂ ಇರಲಿಲ್ಲ. ಗಂಡನಿಂದ ಕಲಿತಳು, ಕಲಿತದ್ದನ್ನು ತನ್ನಂಥವರಿಗಾಗಿ ಬರೆದಳು. 1840ರಲ್ಲಿ ಹೆಂಗಸರಿಗಾಗಿ ಅವಳ ತೋಟಗಾರಿಕೆಯ ಪುಸ್ತಕ ಹೊರಬಂತು. ತಿಳಿದವರು ಬರೆದ ಪುಸ್ತಕ ತಿಳಿಯದವರಿಗೆ ಒದಗದು, ಏಕೆಂದರೆ ತಿಳಿಯದಿರುವುದು ಹೇಗಿರುತ್ತದೆಂದು ಅವರು ಮರೆತಿರುತ್ತಾರೆ ಎಂಬುದು ಅವಳ ವಾದ. ಅಧ್ಯಾಪಕನಾದ ನಾನು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು! ನೆಲ ಅಗೆಯುವುದು ಹೆಣ್ಣಿಗೆ ಅಸಾಧ್ಯವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಹಗುರವಾದ ಸಣ್ಣ ಗುದ್ದಲಿಯೂ ಗಟ್ಟಿಯಾದ ಕೈಗವಸೂ ಇದ್ದರೆ, ಅವಸರಪಡದೆ ಯುಕ್ತಿಯಿಂದ ಮಾಡಿದರೆ, ಹೆಣ್ಣೂ ಅಗೆಯಬಲ್ಲಳೆಂದು ಅವಳು ತೋರಿಸಿಕೊಟ್ಟಳು. ತೋಳಿನ ಬಲದ ಪ್ರಶ್ನೆಯನ್ನು ಸಲಕರಣೆಯ ಪ್ರಶ್ನೆಯಾಗಿ ಬದಲಿಸಿದ್ದು ಅವಳ ದೊಡ್ಡತನ. 1843ರಲ್ಲಿ ಲೌಡನ್ ಸಾಲ ಬಿಟ್ಟು ಸತ್ತ ಮೇಲೆ ಅವಳು ಬರೆಯುತ್ತಲೇ ಸಂಸಾರ ಸಾಗಿಸಿದಳು.

ಮುಂದೆ ಯಂತ್ರಗಳು ಹಗುರವಾದುವು. ಹೆಂಗಸು ಮಕ್ಕಳು ಕೂಡ ಇದನ್ನು ತಳ್ಳಬಹುದೆಂದು ತಯಾರಕರು ಚಿತ್ರ ಸಹಿತ ಜಾಹೀರಾತು ಹಾಕಿದರು. ಆದರೆ ಮನೆಯ ಮುಂದೆ ವಿನೋದಕ್ಕೆ ತಳ್ಳುವುದು ಬೇರೆ, ಕಸುಬಾಗಿ ಸಂಬಳಕ್ಕೆ ದುಡಿಯುವುದು ಬೇರೆ. 1896ರಲ್ಲಿ ಲಂಡನ್ನಿನ ಕ್ಯೂ ಉದ್ಯಾನ ಮೊದಲ ಬಾರಿಗೆ ತರಬೇತಿ ಪಡೆದ ಹೆಂಗಸರನ್ನು ಮಾಲಿಗಳನ್ನಾಗಿ ತೆಗೆದುಕೊಂಡಿತು. ಜೊತೆಯ ಗಂಡಸರ ಚಿತ್ತ ಚಂಚಲವಾಗದಿರಲೆಂದು ಅವರಿಗೆ ಗಂಡುಡುಗೆಯನ್ನು ಗೊತ್ತುಮಾಡಿದರು. ಪರಿಣಾಮ ತಿರುಗುಮುರುಗಾಯಿತು; ಆ ಉಡುಗೆಯನ್ನು ನೋಡಲೆಂದೇ ಜನ ನೆರೆದರು, ಪತ್ರಿಕೆಗಳು ನಗೆಯಾಡಿದುವು. 1914ರ ಮಹಾಯುದ್ಧಕ್ಕೆ ಗಂಡಾಳುಗಳು ಹೊರಟಾಗ ಕ್ಯೂ ಮತ್ತೆ ಹೆಂಗಸರನ್ನು ಕರೆಯಿತು. ಗಂಡಸರು ಮರಳಿದ ಮೇಲೆ ಅವರು ಬೇಡವಾದರು. ಅದೇ ಯುದ್ಧದಲ್ಲಿ ಆಳಿನ ಕೂಲಿ ಉಳಿಸಲು ಅಮೆರಿಕದ ಅಧ್ಯಕ್ಷ ವಿಲ್ಸನ್ನರು 1918ರಲ್ಲಿ ಶ್ವೇತಭವನದ ಹುಲ್ಲಿನ ಮೇಲೆ ಕುರಿಗಳನ್ನು ಬಿಟ್ಟರು. ಕುರಿ ಮೇಯಿತು, ಉಣ್ಣೆಯೂ ಬಂತು. ಅದನ್ನು ಹರಾಜು ಹಾಕಿ ಹಣವನ್ನು ರೆಡ್ ಕ್ರಾಸಿಗೆ ಕೊಟ್ಟರು.

ಆಮೇಲೆ ಬಂದದ್ದು ಎಂಜಿನ್ನಿನ ಕಾಲ. 1902ರಲ್ಲಿ ರ‍್ಯಾನ್ಸಮ್ಸ್ ಪೆಟ್ರೋಲಿನ ಯಂತ್ರವನ್ನು ಮಾರಾಟಕ್ಕಿಟ್ಟಿತು. 1952ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಎಂಬಾತ ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ತೊಟ್ಟಿಯಾಗಿಸಿ ಹಗುರವಾದ ಯಂತ್ರವೊಂದನ್ನು ಕಟ್ಟಿದ. ರಜೆಯಲ್ಲಿ ಊರವರ ಹುಲ್ಲು ಕತ್ತರಿಸಿ ಕಾಸು ಗಳಿಸುತ್ತಿದ್ದ ಮಗನ ಪಾಡು ಅವನಿಗೆ ಈ ಯೋಚನೆ ತಂದಿತ್ತು. ಮುಂದೆ ‘ವಿಕ್ಟಾ’ ಎಂದು ಹೆಸರಾದದ್ದು ಅದೇ.

ಅಷ್ಟರಲ್ಲಿ ಅಮೆರಿಕದಲ್ಲಿ ನಗರದ ಹೊರವಲಯಗಳು ಹಬ್ಬತೊಡಗಿದ್ದುವು. 1947ರಲ್ಲಿ ನ್ಯೂಯಾರ್ಕಿನ ಬಳಿ ಲೆವಿಟ್‌ಟೌನ್ ಎಂಬ ಬಡಾವಣೆ ಆರಂಭವಾಗಿ, ನಾಲ್ಕೈದು ವರ್ಷಗಳಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದುವು. ಅಲ್ಲಿಯ ಕರಾರಿನಲ್ಲಿದ್ದ ಎರಡು ನಿಯಮಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಒಂದು, ಹುಲ್ಲು ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಅದನ್ನು ಕತ್ತರಿಸಲೇಬೇಕು. ಇನ್ನೊಂದು, ವಾರಾಂತ್ಯದಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಹರವಕೂಡದು. ಬೀದಿಯಲ್ಲಿ ಜನ ಓಡಾಡುವ ಎರಡು ದಿನಗಳಲ್ಲಿ ಗಂಡನ ಕೆಲಸ ಕಣ್ಣಿಗೆ ಬೀಳಬೇಕು, ಹೆಂಡತಿಯ ಕೆಲಸ ಮರೆಯಾಗಿರಬೇಕು! ನಿಯಮ ಬರೆದವರು ಹೀಗೆಂದು ಯೋಚಿಸಿರಲಾರರು. ಯೋಚಿಸದೆ ಬರೆದದ್ದರಿಂದಲೇ ಅದು ಆ ಕಾಲದ ಮನಸ್ಸಿಗೆ ಹಿಡಿದ ಕನ್ನಡಿ.

ಈ ನೂರಿಪ್ಪತ್ತು ವರ್ಷಗಳ ಕಥೆಯನ್ನು ಒಟ್ಟಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕುಡುಗೋಲಿನ ಕಾಲದಲ್ಲಿ, ಬಲ ಬೇಕೆಂಬ ಕಾರಣದಿಂದ ಕೆಲಸ ಗಂಡಸಿನದಾಯಿತು. ತಳ್ಳುವ ಯಂತ್ರ ಬಂದಾಗ ಹೆಂಗಸೂ ಮಾಡಬಹುದೆಂದರು. ಎಂಜಿನ್ ಬಂದು ತೋಳಿನ ಬಲದ ಅಗತ್ಯ ಇನ್ನೂ ಕಡಿಮೆಯಾದಾಗ, ಅದು ಮತ್ತೆ ಗಂಡಸಿನ ಭಾನುವಾರದ ಹಕ್ಕಾಯಿತು. ಹಾಗಾದರೆ ಬಲ ಎಂಬುದು ಕಾರಣವಲ್ಲ, ನೆಪ. ವಾರಕ್ಕೊಮ್ಮೆ ಮಾಡಿ ಮುಗಿಸಬಹುದಾದದ್ದು, ಮುಗಿದಾಗ ಬೀದಿಗೆ ಕಾಣುವಂಥದ್ದು ಒಂದು ಬಗೆಯ ಕೆಲಸ. ದಿನವೂ ಮಾಡಬೇಕಾದದ್ದು, ಎಂದೂ ಮುಗಿಯದ್ದು, ಬಿಟ್ಟಾಗ ಮಾತ್ರ ಕಾಣುವಂಥದ್ದು ಇನ್ನೊಂದು ಬಗೆ. ಮೊದಲನೆಯದಕ್ಕೆ ನಾವು ಕೆಲಸ ಎನ್ನುತ್ತೇವೆ. ಎರಡನೆಯದಕ್ಕೆ ಹೆಸರಿಡುವ ಗೋಜಿಗೇ ಹೋಗುವುದಿಲ್ಲ.

ಹುಲ್ಲುಹಾಸು ನಮ್ಮ ಬೆಂಗಳೂರಿಗೆ ಬಂದದ್ದು 1809ರಲ್ಲಿ ನೆಲೆಗೊಂಡ ದಂಡಿನ ಬಂಗಲೆಗಳ ಜೊತೆಗೆ. ಅದಕ್ಕೂ ಮುಂಚಿನಿಂದ ನಮ್ಮದಾಗಿದ್ದದ್ದು ಅಂಗಳ. ನಾನು ಮಲೆನಾಡಿನವನು. ಮಳೆಗಾಲ ಕಳೆದು ಅಡಕೆಯ ಕೊಯ್ಲು ಹತ್ತಿರವಾದಾಗ, ಬೆಳೆದ ಹುಲ್ಲನ್ನೂ ಪಾಚಿಯನ್ನೂ ಕೆತ್ತಿ ತೆಗೆದು, ನೆಲ ಬಡಿದು ಮಟ್ಟಮಾಡುವ ಕೆಲಸ ನಮ್ಮಲ್ಲಿ ನಡೆಯುತ್ತಿತ್ತು. ಅದು ಗಂಡಸರ ಪಾಲು, ಎರಡು ಮೂರು ದಿನದ ಗದ್ದಲ. “ಈ ವರ್ಷದ ಅಂಗಳ ಮಾಡಿ ಮುಗಿಸಿದೆ” ಎಂದು ಅಪ್ಪ ಬಂದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ಅದನ್ನು ನಸುಕಿನಲ್ಲಿ ಗುಡಿಸಿ, ಸಗಣಿ ಹಾಕಿ ಸಾರಿಸಿ, ರಂಗೋಲಿ ಇಡುತ್ತಿದ್ದವಳು ಅಮ್ಮ. ‘ಅಂಗಳ ಮಾಡಿದೆ’ ಎಂದು ಅಮ್ಮ ಹೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಇದು ಒಂದು ಮನೆಯ ಕಥೆಯೂ ಅಲ್ಲ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಅದರಲ್ಲಿ ತೊಡಗುವ ಗಂಡಸರು 97 ನಿಮಿಷ.

ಹೋದ ವರ್ಷ ನನ್ನ ಹೆಂಡತಿಯ ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಕಟ್ಟಿದ್ದರು. ಕಸಬರಿಗೆ ನನ್ನ ಕೈಗೆ ಬಂತು. ಹುಲ್ಲಿಗೆ ವಾರಕ್ಕೆ ಅರ್ಧ ಗಂಟೆ ಸಾಕಾಗಿತ್ತು; ಎಲೆ, ಧೂಳು, ಬೀದಿಯಿಂದ ಹಾರಿಬಂದ ಕಾಗದ ಇವುಗಳಿಗೆ ದಿನವೂ ಅರ್ಧ ಗಂಟೆ. ಹಿಂತಿರುಗಿ ನೋಡಿದರೆ ಮರ ಮತ್ತೆ ನಾಲ್ಕು ಎಲೆ ಉದುರಿಸಿರುತ್ತಿತ್ತು. ಮೂರನೆಯ ದಿನ ಅದೇ ಹಿರಿಯರು ಗೇಟಿನ ಬಳಿ ನಿಂತರು. ನಾನು ಹೊಗಳಿಕೆಗೆ ಸಿದ್ಧನಾದೆ. ಅವರು ತಗ್ಗಿದ ದನಿಯಲ್ಲಿ, “ಏನು ಮೇಷ್ಟ್ರೇ, ಮನೆಯಲ್ಲಿ ಹುಷಾರಿಲ್ಲವೆ?” ಎಂದರು.

ಅವರ ಮೇಲೆ ನನಗೆ ಕೋಪವಿಲ್ಲ; ಅವರ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಗಂಡಸು ಹುಲ್ಲು ಕತ್ತರಿಸಿದರೆ ಮನೆ ಸುಖವಾಗಿದೆ, ಕಸ ಗುಡಿಸಿದರೆ ಯಾರಿಗೋ ಕಾಯಿಲೆ. ಈಗ ಆಕೆಯ ಕೈ ನೆಟ್ಟಗಾಗಿದೆ. ವಾರದಲ್ಲಿ ಮೂರು ದಿನ ಕಸಬರಿಗೆ ನನ್ನದು. ಮೂರೇ ಏಕೆ, ಮೂರೂವರೆ ಏಕಲ್ಲ ಎಂದು ಆಕೆ ಕೇಳಿದ್ದಾಳೆ. ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಹಿರಿಯರು ಈಗ ಆರೋಗ್ಯ ವಿಚಾರಿಸುವುದನ್ನು ಬಿಟ್ಟಿದ್ದಾರೆ. ಮೊನ್ನೆ ನಾವಿಬ್ಬರೂ ಹೊರಗಿದ್ದಾಗ, “ಚೆನ್ನಾಗಿ ಇಟ್ಟಿದ್ದೀರಿ” ಎಂದು ಮತ್ತೆ ಅಂದರು. ನಾನು ಅವರ ಕಣ್ಣನ್ನೇ ನೋಡಿದೆ. ಅದು ಒಮ್ಮೆ ನನ್ನತ್ತ, ಒಮ್ಮೆ ಆಕೆಯತ್ತ ಹೋಗಿ ಬಂತು. ಬಹುವಚನವೆಂದೇ ತಿಳಿದುಕೊಂಡಿದ್ದೇನೆ.