182 ದಿನಗಳ ಲೆಕ್ಕ: ತೆರಿಗೆಗೆ ನಿಮ್ಮದು ಯಾವೂರು?

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು 'ತಮ್ಮದು ಯಾವೂರಾಯಿತು?' ಎಂದು ಕೇಳಿದರೆ ಉತ್ತರ ಹೇಳಲು ಯಾರೂ ದಿನಚರಿ ತೆಗೆದು ನೋಡುವುದಿಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರೂ 'ನಮ್ಮದು ತೀರ್ಥಹಳ್ಳಿ ಕಡೆ' ಎನ್ನುತ್ತಾರೆ. ಕೇಳಿದವರಿಗೂ ಅಷ್ಟು ಸಾಕು. ಆದರೆ ಇದೇ ಪ್ರಶ್ನೆಯನ್ನು ಆದಾಯ ತೆರಿಗೆ ಇಲಾಖೆ ಕೇಳಿದಾಗ ಹುಟ್ಟಿದೂರು, ಮನೆದೇವರು, ಮಾತೃಭಾಷೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅದು ಮೊದಲು ನೋಡುವುದು ಪಾಸ್‌ಪೋರ್ಟಿನಲ್ಲಿ ಬಿದ್ದ ಮುದ್ರೆಗಳ ತಾರೀಖನ್ನು. ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದಿರಿ, ಎಷ್ಟು ದಿನ ಅಲ್ಲಿದ್ದಿರಿ ಎಂಬುದರ ಮೇಲೆ ಒಬ್ಬ ಮನುಷ್ಯ 'ನಿವಾಸಿ'ಯೋ 'ಅನಿವಾಸಿ'ಯೋ ಎಂಬುದು ತೀರ್ಮಾನವಾಗುತ್ತದೆ.

ದುಬೈ, ಲಂಡನ್, ಕ್ಯಾಲಿಫೋರ್ನಿಯಾಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ದಿನಗಣನೆ ಚಿರಪರಿಚಿತ. ಆದರೆ ಈ ಲೆಕ್ಕ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇದರ ಹಿಂದೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಹಡಗಿನ ಕಪ್ತಾನರು, ಬೇಟೆಯ ಶೋಕಿಯ ಶ್ರೀಮಂತರು, ಕೋಲಾರದ ಚಿನ್ನದ ಕಂಪನಿಗಳು, ಕೊಲಂಬೋದ ಲೇವಾದೇವಿಗಾರರು ಎಲ್ಲರೂ ಆ ಇತಿಹಾಸದ ಪಾತ್ರಧಾರಿಗಳು.

ತೆರಿಗೆ ಹಾಕಲು ಸರ್ಕಾರಗಳಿಗೆ ಎರಡು ದಾರಿಗಳಿವೆ. ಹಣ ಎಲ್ಲಿ ಹುಟ್ಟಿತೋ ಆ ನೆಲದ ಸರ್ಕಾರ ತನ್ನ ಪಾಲು ಕೇಳುವುದು ಒಂದು. ಹಣ ಎಲ್ಲೇ ಹುಟ್ಟಲಿ, ಅದನ್ನು ಅನುಭವಿಸುವವನು ಎಲ್ಲಿ ವಾಸಿಸುತ್ತಾನೋ ಅಲ್ಲಿಯ ಸರ್ಕಾರ ಪಾಲು ಕೇಳುವುದು ಇನ್ನೊಂದು. ಭೂಕಂದಾಯದ ಕಾಲದಲ್ಲಿ ಈ ತೊಡಕು ಇರಲಿಲ್ಲ. ಜಮೀನು ಗಡಿ ದಾಟಿ ಹೋಗುವುದಿಲ್ಲ. ಮನುಷ್ಯನ ಸಂಪಾದನೆಯ ಮೇಲೆಯೇ ತೆರಿಗೆ ಬಂದ ಮೇಲೆ, ಗಡಿ ದಾಟುವ ಮನುಷ್ಯ ಯಾರ ಲೆಕ್ಕಕ್ಕೆ ಸೇರಿದವನು ಎಂಬ ಪ್ರಶ್ನೆ ಎದ್ದಿತು.

ಮನೆ ಎಂದರೇನು?

ಕ್ರಾಂತಿಯ ನಂತರದ ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ಖರ್ಚಿಗಾಗಿ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದ. ನೆಪೋಲಿಯನ್ನನ ಪತನದ ನಂತರ, 1816ರಲ್ಲಿ ಅದು ರದ್ದಾಯಿತು. 1842ರಲ್ಲಿ ರಾಬರ್ಟ್ ಪೀಲ್ ಅದನ್ನು ಮತ್ತೆ ತಂದ. ತಾತ್ಕಾಲಿಕ ಕೆಲಸಕ್ಕೆಂದು ಬಂದವನು, ಅಲ್ಲಿಯೇ ನೆಲೆಸುವ ಉದ್ದೇಶ ಇಲ್ಲದವನು ಆರು ತಿಂಗಳೊಳಗೆ ಹೊರಟುಹೋದರೆ ಅವನ ಹೊರದೇಶದ ಆದಾಯಕ್ಕೆ ತೆರಿಗೆಯಿಲ್ಲ ಎಂದು 1842ರ ಕಾಯ್ದೆ ಹೇಳಿತು. ಇಂದಿನ 182 ದಿನಗಳ ಲೆಕ್ಕದ ಪೂರ್ವಜ ಈ 'ಆರು ತಿಂಗಳು'.

ಆದರೆ 'ನಿವಾಸಿ' ಎಂದರೆ ಯಾರು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಲಿಲ್ಲ. ಆ ಹೊರೆ ನ್ಯಾಯಾಲಯಗಳ ತಲೆಯ ಮೇಲೆ ಬಿತ್ತು. 1879ರಲ್ಲಿ ಸ್ಕಾಟ್ಲೆಂಡಿನ ಹಡಗಿನ ಕಪ್ತಾನನೊಬ್ಬನ ಮೊಕದ್ದಮೆ ಬಂತು. ಆ ವರ್ಷವಿಡೀ ಅವನು ಸಮುದ್ರದ ಮೇಲಿದ್ದ. ಬ್ರಿಟನ್ನಿನ ನೆಲಕ್ಕೆ ಕಾಲೇ ಇಟ್ಟಿರಲಿಲ್ಲ. ಆದರೂ ಹೆಂಡತಿ ಮಕ್ಕಳು ಊರಿನಲ್ಲಿದ್ದರು, ಮನೆ ಅಲ್ಲಿತ್ತು. ಆದ್ದರಿಂದ ಅವನು ಅಲ್ಲಿಯ ನಿವಾಸಿಯೇ ಎಂದಿತು ನ್ಯಾಯಾಲಯ. 1904ರಲ್ಲಿ ಇದಕ್ಕೆ ವ್ಯತಿರಿಕ್ತವಾದ ಪ್ರಸಂಗ ಎದುರಾಯಿತು. ನ್ಯೂಯಾರ್ಕಿನ ಸಿರಿವಂತನೊಬ್ಬ ಸ್ಕಾಟ್ಲೆಂಡಿನಲ್ಲಿ ಬೇಟೆಗಾಗಿ ಒಂದು ಮನೆ ಹಿಡಿದು, ವರ್ಷಕ್ಕೆ ಎರಡು ತಿಂಗಳು ಮಾತ್ರ ಬಂದಿರುತ್ತಿದ್ದ. ಅವನ ಮನೆ ಮಠ, ವೃತ್ತಿ ಎಲ್ಲವೂ ಅಮೆರಿಕದಲ್ಲಿತ್ತು. ಆದರೆ ಬಂದಾಗಲೆಲ್ಲ ಕಾದಿರುವ ಮನೆಯೊಂದು ಇದೆಯಲ್ಲ ಎಂಬ ಕಾರಣಕ್ಕೆ ಅವನೂ ನಿವಾಸಿಯಾದ. 1911ರ ಪ್ರಕರಣವಂತೂ ಕತೆಯಂತಿದೆ. ಅಮೆರಿಕದ ಪ್ರಜೆಯೊಬ್ಬ ಎಸೆಕ್ಸ್ ಕರಾವಳಿಯ ಅಳಿವೆಯಲ್ಲಿ ಲಂಗರು ಹಾಕಿದ ತನ್ನ ವಿಹಾರನೌಕೆಯಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದಿದ್ದ. ನೆಲದ ಮೇಲೆ ಅವನಿಗೆ ಮನೆಯಿರಲಿಲ್ಲ. ನೀರಿನ ಮೇಲಿದ್ದರೇನು, ಅದು ಬ್ರಿಟನ್ನಿನ ನೀರು ಎಂದ ನ್ಯಾಯಾಲಯ ಅವನನ್ನೂ ತೆರಿಗೆಯ ಬಲೆಗೆ ಎಳೆದುಕೊಂಡಿತು.

ಮನೆಯೇ ಮಾನದಂಡವಾದರೆ ಮನೆಯನ್ನೇ ಬಿಟ್ಟುಬಿಟ್ಟವನ ಗತಿ ಏನು? 1928ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇಂಥ ಎರಡು ಪ್ರಕರಣಗಳನ್ನು ತೀರ್ಮಾನಿಸಿತು. ಲಿವೀನ್ ಎಂಬಾತ ಮನೆ ಮಾರಿ ಹೋಟೆಲುಗಳಲ್ಲೇ ಬದುಕುತ್ತಿದ್ದ. ವರ್ಷದ ಹೆಚ್ಚಿನ ಕಾಲ ಫ್ರಾನ್ಸಿನ ಕಡೆ ಇದ್ದು, ನಾಲ್ಕೈದು ತಿಂಗಳು ಮಾತ್ರ ವೈದ್ಯರನ್ನು, ಬಂಧುಗಳನ್ನು, ತಂದೆತಾಯಿಯ ಸಮಾಧಿಯನ್ನು ಕಾಣಲು ಇಂಗ್ಲೆಂಡಿಗೆ ಬರುತ್ತಿದ್ದ. ಲೈಸಾಟ್ ಎಂಬ ಉದ್ಯಮಿ ಐರ್ಲೆಂಡಿನಲ್ಲಿ ಸಂಸಾರ ಹೂಡಿ, ಕಂಪನಿಯ ಸಭೆಗಾಗಿ ತಿಂಗಳಿಗೊಮ್ಮೆ ಬಂದು ಸುಮಾರು ಒಂದು ವಾರ ಹೋಟೆಲಿನಲ್ಲಿ ತಂಗಿ ಹೋಗುತ್ತಿದ್ದ. ಇಬ್ಬರೂ ನಿವಾಸಿಗಳೇ ಎಂದು ತೀರ್ಪಾಯಿತು. ಒಬ್ಬನನ್ನು ಕರೆತಂದದ್ದು ಕರುಳಿನ ನಂಟು, ಇನ್ನೊಬ್ಬನನ್ನು ಕರೆತಂದದ್ದು ಕೆಲಸದ ಕರೆ. ತೆರಿಗೆಯ ಕಣ್ಣಿಗೆ ಎರಡೂ ಒಂದೇ ಆಗಿ ಕಂಡವು.

ಈ ತೀರ್ಪುಗಳಿಂದ ಒಂದು ಸಂಗತಿ ಸ್ಪಷ್ಟವಾಯಿತು. 'ಮನೆ' ಎಂಬ ಮಾತಿಗೆ ಎಲ್ಲರಿಗೂ ಒಪ್ಪಿಗೆಯಾಗುವ ಅರ್ಥ ಕಟ್ಟಲು ನ್ಯಾಯಾಧೀಶರಿಂದಲೂ ಆಗಲಿಲ್ಲ. ಮನಸ್ಸು ಎಲ್ಲಿದೆ ಎಂದು ಅಳೆಯಲು ಬಾರದಿದ್ದಾಗ ದೇಹ ಎಷ್ಟು ದಿನ ಎಲ್ಲಿತ್ತು ಎಂದು ಎಣಿಸುವುದೇ ಸುಲಭವೆನಿಸಿತು.

ಕೋಲಾರದ ಚಿನ್ನ, ಲಂಡನ್ನಿನ ಸಭೆ

ವ್ಯಕ್ತಿಗಳಿಗಾದರೆ ದೇಹವಿದೆ, ಕಂಪನಿ ಎಲ್ಲಿ ವಾಸಿಸುತ್ತದೆ? 1876ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಎರಡು ಕಂಪನಿಗಳು ಒಟ್ಟಿಗೆ ನಿಂತವು. ಒಂದರದು ಇಟಲಿಯ ಚೆಸೇನಾದಲ್ಲಿ ಗಂಧಕದ ಗಣಿ, ಇನ್ನೊಂದರದು ಕಲ್ಕತ್ತೆಯಲ್ಲಿ ಸೆಣಬಿನ ಗಿರಣಿ. ಕೆಲಸವೆಲ್ಲ ಅಲ್ಲಿ, ಆದರೆ ನಿರ್ದೇಶಕರ ಸಭೆ ಲಂಡನ್ನಿನಲ್ಲಿ. ಸಭೆ ಸೇರಿ ನಿರ್ಧಾರ ಕೈಗೊಳ್ಳುವ ಸ್ಥಳವೇ ಕಂಪನಿಯ ವಾಸಸ್ಥಾನ, ಆದ್ದರಿಂದ ಇಡೀ ಲಾಭಕ್ಕೆ ಬ್ರಿಟನ್ನಿನ ತೆರಿಗೆ ಎಂದಾಯಿತು. 1906ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೋಂದಣಿಯಾಗಿದ್ದ ಡಿ ಬಿಯರ್ಸ್ ವಜ್ರದ ಕಂಪನಿಗೂ ಇದೇ ತತ್ವ ಅನ್ವಯವಾಯಿತು.

ಮೈಸೂರು ಸೀಮೆಗೆ ಇದು ದೂರದ ಮಾತಲ್ಲ. 1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಗಣಿ ಕೋಲಾರದಲ್ಲಿತ್ತು, ಆಡಳಿತದ ಚುಕ್ಕಾಣಿ ಲಂಡನ್ನಿನಲ್ಲಿತ್ತು. ನೆಲದಾಳದಲ್ಲಿ ಬೆವರು ಸುರಿಸಿದವರು ಇಲ್ಲಿಯವರು. ಸಂಸ್ಥಾನಕ್ಕೆ ಚಿನ್ನದ ಮೇಲೆ ರಾಜಧನ ಸಲ್ಲುತ್ತಿತ್ತು. ಆದರೆ 1876ರ ತರ್ಕದ ಪ್ರಕಾರ ಅಂಥ ಕಂಪನಿಯ 'ಊರು' ಕೋಲಾರವಲ್ಲ, ಲಂಡನ್. ವಾಸಸ್ಥಾನ ಎಂಬುದು ಬರೀ ಶಬ್ದಾರ್ಥದ ಜಿಜ್ಞಾಸೆಯಲ್ಲ, ಸಂಪತ್ತಿನ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡು ದೋಣಿಯಲ್ಲಿ ಕಾಲು

ತೆರಿಗೆಯ ದರ ಕಡಿಮೆಯಿದ್ದಾಗ ಎರಡು ಕಡೆ ಕಟ್ಟುವುದನ್ನು ಜನ ಗೊಣಗುತ್ತಲೇ ಸಹಿಸಿದರು. ಮೊದಲ ಮಹಾಯುದ್ಧ ಆ ಸಹನೆಯನ್ನು ಮುರಿಯಿತು. 1914ರ ಹೊತ್ತಿಗೆ ಒಂದು ಪೌಂಡಿಗೆ 1 ಷಿಲಿಂಗ್ 2 ಪೆನ್ಸ್ ಇದ್ದ ಬ್ರಿಟನ್ನಿನ ದರ 1918ಕ್ಕೆ 6 ಷಿಲಿಂಗಿಗೆ ಏರಿತು. ಅಂದರೆ ನೂರಕ್ಕೆ ಸುಮಾರು 6ರಿಂದ 30ಕ್ಕೆ. ಭಾರತದಲ್ಲಿ ಸಂಪಾದಿಸಿ ಅಲ್ಲೊಮ್ಮೆ, ಇಂಗ್ಲೆಂಡಿನಲ್ಲಿ ವಾಸಿಸಿ ಇಲ್ಲೊಮ್ಮೆ ತೆತ್ತವರ ಕೂಗು ಜೋರಾಯಿತು. 1916ರಲ್ಲಿ ತಾತ್ಕಾಲಿಕವಾಗಿ, 1920ರಲ್ಲಿ ಶಾಶ್ವತವಾಗಿ ಸಾಮ್ರಾಜ್ಯದೊಳಗಿನ ದ್ವಿತೆರಿಗೆಗೆ ಪರಿಹಾರ ಸಿಕ್ಕಿತು.

ಬೇರೆ ಬೇರೆ ದೇಶಗಳ ನಡುವಣ ತಂಟೆಯನ್ನು ರಾಷ್ಟ್ರಸಂಘ ಕೈಗೆತ್ತಿಕೊಂಡಿತು. ಅದು ನೇಮಿಸಿದ ನಾಲ್ವರು ಅರ್ಥಶಾಸ್ತ್ರಜ್ಞರು 1923ರಲ್ಲಿ ವರದಿ ಕೊಟ್ಟರು. ಮನುಷ್ಯನ ಆರ್ಥಿಕ ನಿಷ್ಠೆ ಯಾವ ದೇಶಕ್ಕೆ ಸಲ್ಲುತ್ತದೆ ಎಂಬುದೇ ಅವರ ವಿಚಾರದ ತಿರುಳು. 1928ರಲ್ಲಿ ಮಾದರಿ ಒಪ್ಪಂದಗಳು ಸಿದ್ಧವಾದವು. ಇಂದು ಭಾರತ ಹಲವು ದೇಶಗಳೊಂದಿಗೆ ಮಾಡಿಕೊಂಡಿರುವ ದ್ವಿತೆರಿಗೆ ತಪ್ಪಿಸುವ ಒಪ್ಪಂದಗಳ ಬೇರು ಅಲ್ಲಿದೆ. ಎರಡು ದೇಶಗಳೂ ಒಬ್ಬನನ್ನು 'ನಮ್ಮ ನಿವಾಸಿ' ಎಂದಾಗ ಈ ಒಪ್ಪಂದಗಳು ಮೆಟ್ಟಿಲು ಮೆಟ್ಟಿಲಾಗಿ ಪ್ರಶ್ನೆ ಕೇಳುತ್ತವೆ. ಶಾಶ್ವತ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ ಸಂಸಾರ, ವ್ಯವಹಾರಗಳ ನಂಟು ಎಲ್ಲಿ ಬಲವಾಗಿದೆ? ಅದೂ ತಿಳಿಯದಿದ್ದರೆ ರೂಢಿಯಾಗಿ ಎಲ್ಲಿರುತ್ತಾನೆ? ಕೊನೆಗೆ, ಯಾವ ದೇಶದ ಪ್ರಜೆ? ಅದರಿಂದಲೂ ಬಗೆಹರಿಯದಿದ್ದರೆ ಎರಡು ಸರ್ಕಾರಗಳೇ ಕೂತು ಮಾತನಾಡಿಕೊಳ್ಳಬೇಕು.

ಅಮೆರಿಕ ಮಾತ್ರ ಬೇರೆಯೇ ಹಾದಿ ಹಿಡಿಯಿತು. ಅಂತರ್ಯುದ್ಧದ ಕಾಲದಿಂದಲೂ ಅದು ಹೊರದೇಶದಲ್ಲಿರುವ ತನ್ನ ಪ್ರಜೆಗಳಿಗೂ ತೆರಿಗೆ ಹಾಕುತ್ತ ಬಂದಿದೆ. ಮೆಕ್ಸಿಕೊ ನಗರದಲ್ಲಿ ನೆಲೆಸಿದ್ದ ಪ್ರಜೆಯೊಬ್ಬ ಇದನ್ನು ಪ್ರಶ್ನಿಸಿದಾಗ, 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ನೀಡಿತು. ಹೀಗಾಗಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗ ನಿವೃತ್ತನಾಗಿ ಮೈಸೂರಿಗೆ ಬಂದು ನೆಲೆಸಿದರೂ ವಾಷಿಂಗ್ಟನ್ನಿಗೆ ವರ್ಷ ವರ್ಷ ಲೆಕ್ಕ ಒಪ್ಪಿಸುವುದು ತಪ್ಪುವುದಿಲ್ಲ.

ಚಿತ್ರದುರ್ಗದಿಂದ ಬಳ್ಳಾರಿಗೆ

ಭಾರತಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ, ಸಿಪಾಯಿ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ ತಂದ ಕಾಯ್ದೆಯ ಮೂಲಕ. 1922ರ ಕಾಯ್ದೆಯಲ್ಲೂ ಮುಖ್ಯವಾಗಿ ಹಣ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿತೇ, ಅಲ್ಲಿಗೆ ಬಂದು ಸೇರಿತೇ ಎಂಬುದನ್ನೇ ನೋಡುತ್ತಿದ್ದರು. 1939ರ ತಿದ್ದುಪಡಿ ದಿನಗಣನೆಯನ್ನು ಪ್ರಧಾನ ಸ್ಥಾನಕ್ಕೆ ತಂದಿತು. 182 ದಿನಗಳ ಅಂಕಿ ನಮ್ಮ ಕಾನೂನಿಗೆ ಕಾಲಿಟ್ಟದ್ದು ಆಗಲೇ.

ಅಂದಿನ ಗಡಿಗಳೇ ಬೇರೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾಯ್ದೆಯಿತ್ತು. ಚಿತ್ರದುರ್ಗದ ವರ್ತಕ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಅಂಗಡಿ ಇಟ್ಟರೆ ತೆರಿಗೆಯ ದೃಷ್ಟಿಯಲ್ಲಿ ಅದು ಪರರಾಜ್ಯದ ವ್ಯಾಪಾರ. ಭಾರತದ ಆದಾಯ ತೆರಿಗೆ ಕಾಯ್ದೆ ಮೈಸೂರಿಗೆ ವಿಸ್ತರಿಸಿದ 1950ರಲ್ಲಿ ಈ ಗೋಡೆ ಬಿತ್ತು. ಅದೇ ವರ್ಷದ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಚೆಟ್ಟಿಯಾರ್ ಅವಿಭಕ್ತ ಕುಟುಂಬದ ವ್ಯಾಜ್ಯವನ್ನು ತೀರ್ಮಾನಿಸಿತು. ಯಜಮಾನ ಸಂಸಾರ ಸಮೇತ ಸಿಂಹಳದಲ್ಲಿದ್ದ. ವಿವಾದದ ವರ್ಷ ಭಾರತಕ್ಕೆ ಬಂದು ಹೋಗಿ ಒಟ್ಟು 101 ದಿನ ಇಲ್ಲಿದ್ದ. ಕುಟುಂಬದ ವ್ಯವಹಾರಗಳ ಹಿಡಿತ ಪೂರ್ತಿಯಾಗಿ ಹೊರಗಿತ್ತೆಂದು ತೋರಿಸಲಾಗದ ಕಾರಣ ಆ ಕುಟುಂಬ ಭಾರತದ ನಿವಾಸಿಯೆಂದೇ ಆಯಿತು.

1961ರ ಕಾಯ್ದೆ ದಿನಗಣನೆಯನ್ನು ಮುಂದುವರಿಸಿತು. ಆ ಹೊತ್ತಿಗೆ ಹೊರಗೆ ಹೋಗುವವರ ಚಹರೆ ಬದಲಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಕರಾವಳಿಯ ಯುವಕರು ಕೊಲ್ಲಿಗೆ, ಆಮೇಲೆ ಬೆಂಗಳೂರಿನ ಕಂಪ್ಯೂಟರ್ ಎಂಜಿನಿಯರುಗಳು ಅಮೆರಿಕಕ್ಕೆ ಹೊರಟರು. ಅನಿವಾಸಿಯಾದವನು ಅಲ್ಲಿ ಗಳಿಸಿದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಮಂಗಳೂರಿನ ಮನೆ ಬಾಡಿಗೆಯಂಥ ಇಲ್ಲಿನ ಆದಾಯಕ್ಕೆ ಮಾತ್ರ ಇದೆ. ನಿವಾಸಿಯೆನಿಸಿದರೆ ಎರಡೂ ಲೆಕ್ಕಕ್ಕೆ. ನಮ್ಮ ವರ್ಷ ಏಪ್ರಿಲ್‌ನಿಂದ ಶುರುವಾಗುವುದರಿಂದ ಕೆಲಸಕ್ಕೆಂದು ಆಗಸ್ಟಿನಲ್ಲಿ ವಿಮಾನ ಹತ್ತಿ ಮರಳಿ ಬಾರದವನು ಆ ವರ್ಷ ಅನಿವಾಸಿ. ವೀಸಾ ತಡವಾಗಿ ಅಕ್ಟೋಬರಿನಲ್ಲಿ ಹತ್ತಿದವನು ನಿವಾಸಿ. ಕೆಲಸ ಒಂದೇ, ಸಂಬಳ ಒಂದೇ, ತೆರಿಗೆ ಬೇರೆ.

2020 ಈ ಲೆಕ್ಕದ ಕಾಠಿಣ್ಯವನ್ನು ಎತ್ತಿ ತೋರಿಸಿತು. ಯಾವ ದೇಶಕ್ಕೂ ತೆರಿಗೆ ಕಟ್ಟದೆ ದಿನಗಳನ್ನು ಹಂಚಿಕೊಂಡು ತಿರುಗುವ ಶ್ರೀಮಂತರನ್ನು ಹಿಡಿಯಲು ಆ ವರ್ಷದ ಬಜೆಟ್ ಹೊಸ ನಿಯಮ ತಂದಿತು. ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತದ ಪ್ರಜೆಯನ್ನು ನಿವಾಸಿಯೆಂದೇ ಭಾವಿಸುವುದಾಗಿ ಅದು ಹೇಳಿತು. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಕೊಲ್ಲಿ ದೇಶಗಳಲ್ಲಿ ದುಡಿಯುವವರ ಎದೆ ಝಲ್ಲೆಂದಿತು. ಪ್ರಾಮಾಣಿಕ ದುಡಿಮೆಗಾರರು ಗುರಿಯಲ್ಲ ಎಂದು ಸರ್ಕಾರ ಕೂಡಲೇ ಸ್ಪಷ್ಟನೆ ನೀಡಿತು. ಕೊನೆಗೆ ಇಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ ಮಾತ್ರ ಎಂಬ ಮಿತಿ ಬಂತು. ಅವರಿಗೂ ಅಲ್ಲಿನ ಸಂಬಳದ ಮೇಲೆ ತೆರಿಗೆ ಬೀಳಲಿಲ್ಲ. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ರಜೆಗೆಂದು ಬಂದವರು ಊರಿನಲ್ಲೇ ಸಿಕ್ಕಿಬಿದ್ದರು. ಆ ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೇ ತಿಂಗಳಲ್ಲಿ ಸುತ್ತೋಲೆ ಹೊರಟಿತು. ಮನುಷ್ಯ ತಾನಾಗಿ ಇದ್ದ ದಿನವೂ, ಹೋಗಲಾರದೆ ಉಳಿದ ದಿನವೂ ಒಂದೇ ಅಲ್ಲ ಎಂದು ದಿನಗಣನೆಯೇ ಒಪ್ಪಿಕೊಂಡ ಅಪರೂಪದ ಕ್ಷಣ ಅದು.

ದಿನ ಎಣಿಸುವ ಪದ್ಧತಿಗೆ ಒಂದು ದೊಡ್ಡ ಗುಣವಿದೆ: ಅದು ಅಧಿಕಾರಿಯ ಮರ್ಜಿಗೆ ಅವಕಾಶ ಕೊಡುವುದಿಲ್ಲ. ಆದರೆ ಎಲ್ಲರ ದಿನಗಳೂ ಅವರವರ ಕೈಯಲ್ಲಿಲ್ಲ. ಸಿರಿವಂತ ತನ್ನ ದಿನಗಳನ್ನು ತಾನೇ ಆರಿಸಿಕೊಳ್ಳುತ್ತಾನೆ. ದುಡಿಯುವವನ ದಿನಗಳನ್ನು ಧಣಿ, ವೀಸಾ, ಕಾಯಿಲೆ ಬಿದ್ದ ತಾಯಿ ಆರಿಸುತ್ತಾರೆ. ಸ್ಕಾಟ್ಲೆಂಡಿನ ಕಪ್ತಾನನಿಂದ ದುಬೈಯ ಮೇಸ್ತ್ರಿಯವರೆಗೆ ಕಾನೂನಿಗೆ ಎದುರಾದ ಕಗ್ಗಂಟು ಇದೇ. ಕಳೆದ ಶತಮಾನದಲ್ಲಿ ಸೇರಿಕೊಂಡ ತಿದ್ದುಪಡಿ, ವಿನಾಯಿತಿ, ಒಪ್ಪಂದಗಳಲ್ಲಿ ಬಹುಪಾಲು ಈ ಅಂತರವನ್ನು ಸರಿದೂಗಿಸಲು ಹೊರಟವು. ಕೆಲಸಕ್ಕೆಂದು ಹೊರಡುವವರು ಪೆಟ್ಟಿಗೆ ಕಟ್ಟುವಾಗ ಉಪ್ಪಿನಕಾಯಿಯ ಜೊತೆಗೆ ಪಂಚಾಂಗವನ್ನೂ ಇಟ್ಟುಕೊಳ್ಳುವುದು ಮೇಲು. ಮುಹೂರ್ತ ನೋಡಲು ಅಲ್ಲ, ದಿನ ಎಣಿಸಲು.